ಹಾಲುಜೇನಿನ ನಾಡೋ, ಆತನ ಸಮ್ಮುಖವೋ? ಪ್ರಾರ್ಥನೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬುಧವಾರ ಸಂಜೆಯ ಮನೆಕೂಟಗಳಲ್ಲಿ, ಆಸ್ಪತ್ರೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ, ಸಾವಿನ ಮನೆಯ ಅಂಗಳದಲ್ಲಿ ನನಗೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ನಾನು ಪಾಸ್ಟರ್ ಅಲ್ಲ, ಸೆಮಿನರಿಯಲ್ಲಿ ಓದಿದವನೂ ಅಲ್ಲ. ಸಭೆಯಲ್ಲಿ ಚಾಪೆ ಹಾಸುವ, ಹಾಡುವಾಗ ತಬಲಾ ನುಡಿಸುವ ಸಾಮಾನ್ಯ ವಿಶ್ವಾಸಿ. ಕೆಲವು ಪ್ರಶ್ನೆ ಬೇರೆಯವರದ್ದು. ಹೆಚ್ಚಿನವು ಅಪ್ಪನ ಕಣ್ಣು ಮಂಜಾಗತೊಡಗಿದ ವರ್ಷಗಳಲ್ಲಿ ನಾನೇ ಕೇಳಿಕೊಂಡವು. ಎಲ್ಲದರ ಹಿಂದೆ ಇರುವ ಮಾತು ಒಂದೇ: ದೇವರು ಕೊಡುವ ಉತ್ತರಕ್ಕಿಂತ ಆತನ ಸಮ್ಮುಖವೇ, ಅಂದರೆ ಆತನ ಎದುರಿಗಿರುವುದೇ ದೊಡ್ಡದು.

ಆತನ ಸಮ್ಮುಖವೇ ದೊಡ್ಡದು ಎಂದರೆ, ದೇವರ ಹತ್ತಿರ ಏನನ್ನೂ ಕೇಳಬಾರದೇ?

ಕೇಳಬೇಕು. ಸಂಕೋಚವಿಲ್ಲದೆ ಕೇಳಬೇಕು. ಯೇಸು ಕಲಿಸಿದ ಪ್ರಾರ್ಥನೆಯ ನಟ್ಟನಡುವೆ ಅನುದಿನದ ರೊಟ್ಟಿಯ ಬೇಡಿಕೆ ಇದೆ. ಯೆರಿಕೋ ಊರಿನ ದಾರಿಬದಿಯಲ್ಲಿ ಕುರುಡ ಬಾರ್ತಿಮಾಯ ಕೂಗಿಕೊಂಡಾಗ ಸುಮ್ಮನಿರು ಎಂದು ಗದರಿಸಿದ್ದು ಜನ. ಯೇಸು ನಿಂತು, ಕರೆಸಿ, ನಿನಗೆ ನಾನೇನು ಮಾಡಬೇಕು ಎಂದು ಕೇಳಿದ. ಎದುರಿಗಿರುವವನು ಕುರುಡ ಎಂದು ಗೊತ್ತಿದ್ದೂ ಅವನ ಬಾಯಿಂದಲೇ ಕೇಳಿಸಿಕೊಂಡ.

ಕೇಳಿದ ಮೇಲೆ ಏನು ಮಾಡುತ್ತೇವೆ ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು. ಬೆಂಗಳೂರಿನಿಂದ ಊರಿಗೆ ಬಂದ ಮಗ ಅಕ್ಕಿಮೂಟೆ, ತೆಂಗಿನಕಾಯಿ, ಉಪ್ಪಿನಕಾಯಿ ಜಾಡಿ ಎಲ್ಲವನ್ನೂ ಕಾರಿನ ಡಿಕ್ಕಿಗೆ ತುಂಬಿಕೊಂಡು, ಒಂದು ಲೋಟ ಕಾಫಿಗೂ ಕೂರದೆ ಹೊರಟುಬಿಟ್ಟರೆ ಅಮ್ಮನಿಗೆ ಹೇಗಾಗುತ್ತದೆ? ಕೊಟ್ಟದ್ದಕ್ಕೆ ಅವಳಿಗೆ ಬೇಸರವಿಲ್ಲ, ಕೊಡಲೆಂದೇ ಕಟ್ಟಿಟ್ಟಿದ್ದಳು. ಗೇಟಿನ ಹತ್ತಿರ ನಿಂತು ಕಾರು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಾಳೆ. ನನ್ನ ಪ್ರಾರ್ಥನೆಗಳಲ್ಲಿ ಬಹುಪಾಲು ಹೀಗೇ ಡಿಕ್ಕಿ ತುಂಬಿಸಿಕೊಂಡು ಹೋದವು ಎಂದು ತಿಳಿಯಲು ನನಗೆ ನಲವತ್ತು ದಾಟಬೇಕಾಯಿತು.

"ಸಮ್ಮುಖ" ಎಂದರೆ ಏನು? ದೇವರು ಎಲ್ಲ ಕಡೆಯೂ ಇದ್ದಾನಲ್ಲವೇ?

ಇದ್ದಾನೆ. ಆಕಾಶಕ್ಕೆ ಏರಿದರೂ, ಪಾತಾಳದಲ್ಲಿ ಹಾಸಿಗೆ ಹಾಸಿಕೊಂಡರೂ ಆತನನ್ನು ತಪ್ಪಿಸಿಕೊಳ್ಳಲಾಗದು ಎನ್ನುತ್ತದೆ 139ನೇ ಕೀರ್ತನೆ. ಆದರೆ ಒಂದೇ ಮನೆಯಲ್ಲಿದ್ದು, ಒಂದೇ ಪಾತ್ರೆಯ ಸಾರು ಉಂಡು, ವರ್ಷಗಟ್ಟಲೆ ಮುಖ ಕೊಟ್ಟು ಮಾತಾಡದ ಅಣ್ಣತಮ್ಮಂದಿರನ್ನು ನಾವು ನೋಡಿಲ್ಲವೇ? ಇರುವುದು ಬೇರೆ, ಎದುರುಬದುರು ಇರುವುದು ಬೇರೆ.

ಹೀಬ್ರೂ ಬೈಬಲಿನಲ್ಲಿ ಈ ಜಾಗಗಳಲ್ಲಿ ಬರುವ ಪದ "ಪಾನೀಮ್". ಅದರ ನೇರ ಅರ್ಥ ಮುಖ. ಕನ್ನಡಕ್ಕೆ ತಂದವರು "ಸಮ್ಮುಖ" ಎಂದು ಬರೆದಿದ್ದನ್ನು ಎಷ್ಟು ಸಲ ಓದಿದರೂ ನನಗೆ ಖುಷಿಯೇ, ಏಕೆಂದರೆ ಆ ಮುಖ ನಮ್ಮ ಪದದ ಒಳಗೂ ಹಾಗೇ ಉಳಿದಿದೆ. ಕೆಲವು ಸಭೆಗಳಲ್ಲಿ "ಪ್ರಸನ್ನತೆ" ಎನ್ನುತ್ತಾರೆ, ಕೆಲವರು "ಸಾನ್ನಿಧ್ಯ" ಎನ್ನುತ್ತಾರೆ. ಆರಾಧನೆಯ ಕೊನೆಗೆ ಅಯ್ಯನವರು ಕೈಯೆತ್ತಿ ಹೇಳುವ ಆರೋನನ ಆಶೀರ್ವಾದ ನೆನಪಿಸಿಕೊಳ್ಳಿ. ಬೈಬಲಿನ ಅರಣ್ಯಕಾಂಡ 6ರಲ್ಲಿರುವ ಆ ಮಾತುಗಳಲ್ಲಿ ಮನೆ, ಮಳೆ, ಬೆಳೆಯ ಹೆಸರಿಲ್ಲ. ಆತನ ಮುಖ ನಮ್ಮ ಮೇಲೆ ಬೆಳಗಲಿ, ಆತನ ಮುಖ ನಮ್ಮ ಕಡೆ ತಿರುಗಲಿ ಎಂದಿದೆ. ಎಷ್ಟೋ ಭಾನುವಾರ ಆ ಹೊತ್ತಿಗೆ ನಾನು ಚಪ್ಪಲಿ ಹುಡುಕುತ್ತಿರುತ್ತಿದ್ದೆ.

ಉತ್ತರಕ್ಕಿಂತ ದೇವರೇ ಬೇಕು ಎಂದವರು ಬೈಬಲಿನಲ್ಲಿ ಯಾರಿದ್ದಾರೆ?

ಹಲವರಿದ್ದಾರೆ. ಇಸ್ರಾಯೇಲರನ್ನು ಮುನ್ನಡೆಸಿದ ಮೋಶೆಯಷ್ಟು ಸ್ಪಷ್ಟವಾಗಿ ಹೇಳಿದವನು ಇನ್ನೊಬ್ಬನಿಲ್ಲ. ವಿಮೋಚನಕಾಂಡ 33ನೇ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಿ.

ಆಗಷ್ಟೇ ಚಿನ್ನದ ಕರುವಿನ ದೊಡ್ಡ ಪಾಪ ನಡೆದಿದೆ. ಮೋಶೆ ಬೆಟ್ಟದ ಮೇಲಿದ್ದಾಗ ಕೆಳಗೆ ಜನ ಕಿವಿಯ ಓಲೆ ಕರಗಿಸಿ ಕರು ಮಾಡಿ ಕುಣಿದಿದ್ದಾರೆ. ಅದಾದ ಮೇಲೆ ದೇವರು ಒಂದು ಮಾತು ಹೇಳುತ್ತಾನೆ. ಹೊರಡಿ. ಅಬ್ರಹಾಮನಿಗೆ ಆಣೆಯಿಟ್ಟ ನಾಡನ್ನು ಕೊಡುತ್ತೇನೆ. ಮುಂದೆ ದೂತನನ್ನು ಕಳಿಸುತ್ತೇನೆ. ಶತ್ರುಗಳನ್ನು ಓಡಿಸುತ್ತೇನೆ. ಹಾಲೂ ಜೇನೂ ಹರಿಯುವ ನಾಡು ನಿಮ್ಮದು. ಆದರೆ ನಾನು ನಿಮ್ಮ ಜೊತೆ ಬರುವುದಿಲ್ಲ.

ಏನೇನು ಸಿಕ್ಕಿತು ಎಂದು ಎಣಿಸಿ ನೋಡಿ. ನಾಡು, ಕಾವಲಿಗೆ ದೂತ, ಗೆಲುವು, ಸಮೃದ್ಧಿ. ಇಸ್ರಾಯೇಲರ ಪ್ರಾರ್ಥನಾ ಪಟ್ಟಿಯಲ್ಲಿದ್ದುದೆಲ್ಲ ಒಂದೇ ಉಸಿರಿಗೆ ಮಂಜೂರಾಗಿದೆ. ಇಂದಿನ ಯಾವ ಸಭೆಯಲ್ಲಾದರೂ ಇಷ್ಟು ಸಿಕ್ಕರೆ ಒಂದು ವಾರ ಸ್ತೋತ್ರಕೂಟ ನಡೆಯುತ್ತಿತ್ತು. ಅಲ್ಲಿ ಆದದ್ದು ಬೇರೆ. ಆ ಮಾತು ಕೇಳಿ ಜನ ದುಃಖಪಟ್ಟರು, ಒಬ್ಬರೂ ಒಡವೆ ಹಾಕಿಕೊಳ್ಳಲಿಲ್ಲ. ಅದೇ ಜನ, ಅದೇ ಒಡವೆ.

ಮೋಶೆ ದೇವರ ಮುಂದೆ ನಿಂತು ಹೇಳಿದ ಮಾತಿನ ಸಾರ ಇಷ್ಟೇ: ನಿನ್ನ ಸಮ್ಮುಖ ನಮ್ಮ ಸಂಗಡ ಬಾರದಿದ್ದರೆ ನಮ್ಮನ್ನು ಇಲ್ಲಿಂದ ಹೊರಡಿಸಲೇಬೇಡ. "ಇಲ್ಲಿಂದ" ಎಂದರೆ ಎಲ್ಲಿಂದ? ಸೀನಾಯಿಯ ಮರಳುಗಾಡಿನಿಂದ. ನೀನಿದ್ದರೆ ಈ ಮರಳೇ ಆದೀತು, ನೀನಿಲ್ಲದ ಹಾಲುಜೇನು ಬೇಡ ಎಂದ ಹಾಗಾಯಿತು. ದೇವರು ಒಪ್ಪಿ, ಜೊತೆಗೆ ಬರುತ್ತೇನೆ ಎಂದ ಮೇಲೂ ಮೋಶೆ ನಿಲ್ಲಿಸಲಿಲ್ಲ. ನಿನ್ನ ಮಹಿಮೆಯನ್ನು ತೋರಿಸು ಎಂದು ಕೇಳಿದ. ಗೆದ್ದ ಮನುಷ್ಯ ಇನ್ನೂ ಕೇಳುತ್ತಿದ್ದಾನೆ, ಕೇಳುತ್ತಿರುವುದು ಮಾತ್ರ ದೇವರನ್ನೇ.

ನನ್ನನ್ನು ನಾನು ಪರೀಕ್ಷಿಸಿಕೊಳ್ಳುವುದು ಈ ಅಧ್ಯಾಯದಿಂದಲೇ. ಅಪ್ಪನ ಕಣ್ಣು, ತಂಗಿಯ ಮದುವೆ, ಸಾಲ ತೀರುವುದು ಎಲ್ಲವನ್ನೂ ಕೊಟ್ಟು, ನಾನು ಮಾತ್ರ ಬರುವುದಿಲ್ಲ ಎಂದರೆ ಒಪ್ಪಿಕೊಳ್ಳುತ್ತೀಯಾ? ಕೆಲವು ವರ್ಷಗಳ ಹಿಂದೆ ಒಪ್ಪಿಕೊಂಡುಬಿಡುತ್ತಿದ್ದೆ. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೆ ನಿಜ ಅದು.

ಕೇಳಿದ್ದು ಸಿಗಲಿಲ್ಲ ಎಂದರೆ ನನ್ನ ನಂಬಿಕೆ ಕಡಿಮೆ ಎಂದೇ ಅರ್ಥವೇ?

ಈ ಪ್ರಶ್ನೆಗೆ ಸಮಾಧಾನವಾಗಿ ಉತ್ತರಿಸುವುದು ನನಗೆ ಕಷ್ಟ. ಅಪ್ಪ ಮಲೆನಾಡಿನ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದವರು. ಕೂಲಿಯವರ ಹಾಜರಿಯ ಚೆಕ್‌ರೋಲ್ ಬರೆಯುವುದು, ಹಣ್ಣು ಕುಯ್ಯುವಾಗ ಲೆಕ್ಕ ಇಡುವುದು ಅವರ ಕೆಲಸ. ಮೊದಮೊದಲು ಎದುರಿನದು ಚೆನ್ನಾಗೇ ಕಾಣುತ್ತಿತ್ತು, ಪಕ್ಕದ ಗಿಡದ ರೆಂಬೆ ಮಾತ್ರ ಮುಖಕ್ಕೆ ಬಡಿಯುತ್ತಿತ್ತು. ಡಾಕ್ಟರ್ ಗ್ಲಾಕೋಮಾ ಎಂದರು. ಕಣ್ಣಿನ ಒಳಗಿನ ಒತ್ತಡದಿಂದ ನರ ಹಾಳಾಗುವ ಕಾಯಿಲೆ. ಹಾಳಾದ ನರ ಚಿಗುರುವುದಿಲ್ಲ, ಉಳಿದಿದ್ದನ್ನು ಕಾಪಾಡಿಕೊಳ್ಳಲು ದಿನಾ ಔಷಧಿಯ ಹನಿ ಬಿಡಬೇಕು. ಬಿಟ್ಟೆವು. ಉಪವಾಸ ಮಾಡಿದೆವು, ರಾತ್ರಿಪ್ರಾರ್ಥನೆ ಮಾಡಿದೆವು, ಎಣ್ಣೆ ಹಚ್ಚಿಸಿದೆವು. ಒಂದು ಕೂಟದಲ್ಲಿ ಬೋಧಕರೊಬ್ಬರು ಅಪ್ಪನ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಪ್ರಾರ್ಥಿಸಿ, ಏನೂ ಆಗದಿದ್ದಾಗ, ಮೈಕಿನಲ್ಲೇ "ಈ ಮನೆಯಲ್ಲಿ ಅಪನಂಬಿಕೆ ಇದೆ" ಎಂದುಬಿಟ್ಟರು. ಅಪ್ಪ ಏನೂ ಹೇಳಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಕೂತಿದ್ದಳು.

ಆ ರಾತ್ರಿಯಿಂದ ನಾನು ಬೈಬಲಿನಲ್ಲಿ, ಕೇಳಿದ್ದು ಸಿಗದವರನ್ನು ಹುಡುಕತೊಡಗಿದೆ. ಅವರೆಷ್ಟು ಜನ!

ನಾಡಿಗೆ ಹೋಗಲು ಬಿಡು ಎಂದು ಮೋಶೆ ಅಂಗಲಾಚಿದ್ದು ಧರ್ಮೋಪದೇಶಕಾಂಡ 3ರಲ್ಲಿದೆ. ಸಾಕು, ಈ ವಿಷಯ ಇನ್ನು ಎತ್ತಬೇಡ ಎಂಬುದು ಅವನಿಗೆ ಬಂದ ಉತ್ತರ. ಸಮ್ಮುಖವನ್ನು ಕೇಳಿ ಪಡೆದವನಿಗೆ ನಾಡು ಸಿಗಲಿಲ್ಲ. ನೆಬೋ ಬೆಟ್ಟದಿಂದ ಅದನ್ನು ಕಣ್ತುಂಬ ನೋಡಿ 120ನೇ ವಯಸ್ಸಿನಲ್ಲಿ ಕಣ್ಣು ಮುಚ್ಚಿದ. ಆದರೆ ಮತ್ತಾಯ 17ಕ್ಕೆ ಬನ್ನಿ. ಯೇಸುವಿನ ಮುಖ ಸೂರ್ಯನ ಹಾಗೆ ಹೊಳೆಯುತ್ತಿದ್ದ ಆ ಬೆಟ್ಟದ ಮೇಲೆ ಮಾತಾಡುತ್ತ ನಿಂತ ಇಬ್ಬರಲ್ಲಿ ಮೋಶೆ ಒಬ್ಬ. ಅಂದು ಬಂಡೆಯ ಸಂದಿನಲ್ಲಿ ಅಡಗಿ ಬೆನ್ನನ್ನಷ್ಟೇ ನೋಡಿದವನು ಇಲ್ಲಿ ಮುಖವನ್ನೇ ನೋಡುತ್ತಿದ್ದಾನೆ.

ಪೌಲ ತನ್ನ ಶರೀರದಲ್ಲಿ ನಾಟಿದ ಮುಳ್ಳನ್ನು ತೆಗೆ ಎಂದು ಮೂರು ಸಲ ಬೇಡಿಕೊಂಡ. ಅದು ಯಾವ ಕಾಯಿಲೆಯೋ, ಯಾವ ಕಷ್ಟವೋ ಅವನು ಬಿಡಿಸಿ ಹೇಳಿಲ್ಲ, ಹಾಗಾಗಿ ನಮ್ಮೆಲ್ಲರ ಮುಳ್ಳೂ ಅದರಲ್ಲಿ ಹಿಡಿಸುತ್ತದೆ. ಮುಳ್ಳು ಹೋಗಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಎಂಬ ದನಿ ಬಂತು.

ಕೊನೆಗೆ ಗೆತ್ಸೇಮನೆ, ಶಿಲುಬೆಯ ಹಿಂದಿನ ರಾತ್ರಿ ಯೇಸು ಪ್ರಾರ್ಥಿಸಿದ ತೋಟ. ಅಪ್ಪಾ, ನಿನಗೆ ಎಲ್ಲವೂ ಸಾಧ್ಯ, ಈ ಪಾತ್ರೆಯನ್ನು ನನ್ನಿಂದ ತೊಲಗಿಸು ಎಂದು ಯೇಸುವೇ ಬೇಡಿಕೊಂಡ. ಸಂಕಟದ ಆ ಪಾತ್ರೆ ತೊಲಗಲಿಲ್ಲ. ವಿಚಿತ್ರವೆಂದರೆ ಇಬ್ರಿಯರಿಗೆ ಬರೆದ ಪತ್ರ 5ನೇ ಅಧ್ಯಾಯದಲ್ಲಿ, ಆತ ಗಟ್ಟಿಯಾಗಿ ಕೂಗಿ ಕಣ್ಣೀರಿಟ್ಟು ಮಾಡಿದ ಪ್ರಾರ್ಥನೆಗೆ ದೇವರು ಕಿವಿಗೊಟ್ಟನು ಎಂದು ಬರೆದಿದೆ. ಕಿವಿಗೊಟ್ಟಿದ್ದಾನೆ, ಆದರೂ ಶಿಲುಬೆ ತಪ್ಪಿಲ್ಲ. ಈ ಎರಡೂ ಒಟ್ಟಿಗೆ ನಿಜವಾಗಬಹುದು ಎಂಬುದು ನನಗೆ ಆಮೇಲೆ ಆಸ್ಪತ್ರೆಯ ಕಾರಿಡಾರಿನಲ್ಲೂ ಆಸರೆಯಾಯಿತು.

ಮೋಶೆ, ಪೌಲ, ಯೇಸು. ಇವರಲ್ಲಿ ಯಾರ ನಂಬಿಕೆ ಕಡಿಮೆ ಎಂದು ಯಾವ ಬೋಧಕರು ಮೈಕ್ ಹಿಡಿದು ಹೇಳುತ್ತಾರೆ?

ಹರಕೆ ಹೊರುವುದು ತಪ್ಪೇ?

ಕಾರ್ಕಳದ ಅತ್ತೂರಿನ ಸಂತ ಲಾರೆನ್ಸ್ ಬಸಿಲಿಕಾದ ಜಾತ್ರೆಯಲ್ಲಿ ಮೇಣದಬತ್ತಿ ಹಿಡಿದು ನಿಲ್ಲುವ ಜನರಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ. ಬೆಂಗಳೂರಿನ ವಿವೇಕನಗರದ ಬಾಲಯೇಸುವಿನ ದೇವಾಲಯದಲ್ಲಿ ಗುರುವಾರ, ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕಾದಲ್ಲಿ ಸೆಪ್ಟೆಂಬರ್ 8ರ ಹಬ್ಬಕ್ಕೆ ಮುಂಚೆ ಒಂಬತ್ತು ದಿನ ನಡೆಯುವ ನೊವೆನಾ ಪ್ರಾರ್ಥನೆಯ ದಿನಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಾನು ಬೇರೆ ಸಂಪ್ರದಾಯದ ಸಭೆಯವನು. ಆದರೂ ಅಲ್ಲಿ ಮಗುವಿನ ಜ್ವರಕ್ಕಾಗಿ ಕಣ್ಣು ಮುಚ್ಚಿ ನಿಂತ ತಾಯಿಯ ಹರಕೆಯನ್ನು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಬೈಬಲಿನಲ್ಲೇ ಹನ್ನಳ ಹರಕೆ ಇದೆ. ಮಕ್ಕಳಿಲ್ಲದ ಹನ್ನ ಶೀಲೋವಿನ ಆಲಯದಲ್ಲಿ, ತುಟಿ ಅಲುಗಿದರೂ ದನಿ ಹೊರಡದ ಹಾಗೆ ಅತ್ತು ಬೇಡಿಕೊಂಡಳು. ಯಾಜಕ ಏಲಿ ಅವಳು ಕುಡಿದಿದ್ದಾಳೆ ಎಂದುಕೊಂಡ. ಎದೆಯ ಭಾರವನ್ನು ದೇವರ ಮುಂದೆ ಸುರಿಯುತ್ತಿದ್ದೇನೆ ಎಂದಳು. ಸಮಾಧಾನದಿಂದ ಹೋಗು, ದೇವರು ನಿನ್ನ ಬೇಡಿಕೆ ನೆರವೇರಿಸಲಿ ಎಂದ ಏಲಿ. ಅವಳು ಎದ್ದು ಹೋಗಿ ಊಟ ಮಾಡಿದಳು, ಆಮೇಲೆ ಅವಳ ಮುಖದಲ್ಲಿ ದುಃಖ ಕಾಣಲಿಲ್ಲ ಎಂದು 1 ಸಮುವೇಲ 1:18 ಹೇಳುತ್ತದೆ. ಗಮನಿಸಿ, ಆಗ ಅವಳ ಮಡಿಲಲ್ಲಿ ಮಗುವಿರಲಿಲ್ಲ, ಗರ್ಭವೂ ನಿಂತಿರಲಿಲ್ಲ. ಏಲಿಯ ಬಾಯಿಂದ ಬಂದ ಆ ಒಂದು ಹಾರೈಕೆ ಬಿಟ್ಟರೆ ಅವಳ ಕೈಯಲ್ಲಿ ಏನೂ ಇರಲಿಲ್ಲ. ಮುಖ ಮಾತ್ರ ಆಗಲೇ ಬದಲಾಗಿತ್ತು. ಸಮುವೇಲ ಹುಟ್ಟಿದ್ದು ಆಮೇಲೆ. ಹುಟ್ಟಿದ ಮೇಲೆ ಹಾಲು ಬಿಡಿಸಿ ಅವನನ್ನು ಅದೇ ಆಲಯಕ್ಕೆ ತಂದು ಒಪ್ಪಿಸಿಬಿಟ್ಟಳು.

ಹರಕೆ ವ್ಯಾಪಾರವಾಗಿಬಿಡುವ ಅಪಾಯ ಇದ್ದೇ ಇದೆ. ಇಷ್ಟು ಕೊಟ್ಟರೆ ಅಷ್ಟು ಕೊಡುತ್ತೇನೆ ಎಂಬ ಲೆಕ್ಕದಲ್ಲಿ ಎರಡು ಕಡೆಯವರೂ ಮುಖ ನೋಡಬೇಕಾಗಿಲ್ಲ.

ಕೇಳಿದ್ದೆಲ್ಲ ಸಿಕ್ಕಿದೆ. ನನಗೂ ಇದು ಅನ್ವಯಿಸುತ್ತದೆಯೇ?

ಸಿಗದವರಿಗಿಂತ ನಿಮಗೇ ಹೆಚ್ಚು. ಹತ್ತು ಮಂದಿ ಕುಷ್ಠರೋಗಿಗಳು ದೂರದಿಂದ ಕೂಗಿದರು, ಹತ್ತೂ ಜನ ಗುಣವಾದರು. ವಾಪಸ್ ಬಂದು ಯೇಸುವಿನ ಪಾದದ ಬಳಿ ಅಡ್ಡಬಿದ್ದವನು ಒಬ್ಬನೇ, ಅದೂ ಪರಜಾತಿಯವನೆಂದು ದೂರವಿಡುತ್ತಿದ್ದ ಸಮಾರ್ಯದವನು. ಉಳಿದ ಒಂಬತ್ತು ಜನ ಕೆಟ್ಟವರಲ್ಲ. ವರ್ಷಗಟ್ಟಲೆ ಊರಹೊರಗಿದ್ದವರು, ಹೆಂಡತಿ ಮಕ್ಕಳನ್ನು ನೋಡಲು ಓಡಿರಬೇಕು, ನಾನಾದರೂ ಓಡುತ್ತಿದ್ದೆ. ಆದರೂ ಆ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳಿದ. ಆತ ಅವರನ್ನು ಹುಡುಕಿದ ಎಂಬುದೇ ನನ್ನನ್ನು ತಟ್ಟುತ್ತದೆ.

ಐದು ಸಾವಿರ ಗಂಡಸರಿಗೆ ಊಟ ಹಾಕಿದ ಮಾರನೆಯ ದಿನವೂ ಹೀಗೇ. ಜನ ದೋಣಿ ಹತ್ತಿ ಕಪೆರ್ನೌಮಿಗೆ ಹುಡುಕಿಕೊಂಡು ಬಂದರು. ರೊಟ್ಟಿ ತಿಂದು ತೃಪ್ತರಾದ ಕಾರಣ ನನ್ನನ್ನು ಹುಡುಕುತ್ತಿದ್ದೀರಿ ಎಂದು ಯೇಸು ಮುಖಕ್ಕೇ ಹೇಳಿದ. ಆಮೇಲೆ ನಾನೇ ಜೀವದ ರೊಟ್ಟಿ ಎಂದ. ಆ ಮಾತು ಗಟ್ಟಿ ಎನಿಸಿ ಬಹಳ ಮಂದಿ ಹಿಂದಿರುಗಿ ಹೋದರು. ನೀವೂ ಹೋಗುತ್ತೀರಾ ಎಂದು ಹನ್ನೆರಡು ಮಂದಿಯನ್ನು ಕೇಳಿದಾಗ ಪೇತ್ರ ಕೊಟ್ಟ ಉತ್ತರ, ನಾವು ಯಾರ ಬಳಿಗೆ ಹೋಗೋಣ ಎಂಬುದು. "ಎಲ್ಲಿಗೆ" ಎನ್ನಲಿಲ್ಲ, "ಯಾರ ಬಳಿಗೆ" ಎಂದ.

ಸಭೆಯಲ್ಲಿ ಸಾಕ್ಷಿ ಹೇಳುವಾಗ ಉತ್ತರ ಸಿಕ್ಕವರಿಗಷ್ಟೇ ಅವಕಾಶ. ಸಿಗದವರು ಏನು ಹೇಳಬೇಕು?

ಇದು ನಮ್ಮ ಸಭೆಗಳು ತಿದ್ದಿಕೊಳ್ಳಬೇಕಾದ ವಿಷಯ. ವೀಸಾ ಬಂತು, ಗಡ್ಡೆ ಕರಗಿತು, ಸೈಟು ಸಿಕ್ಕಿತು ಎಂದು ಒಬ್ಬೊಬ್ಬರೇ ಎದ್ದು ಹೇಳುವಾಗ ಹಿಂದಿನ ಸಾಲಿನಲ್ಲಿ ಮಗನನ್ನು ಕಳೆದುಕೊಂಡ ದಂಪತಿ ಕೂತಿರುತ್ತಾರೆ. ಅವರ ಬಳಿ ಸಾಕ್ಷಿ ಇಲ್ಲವೆಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ಆ ಮನೆಯಲ್ಲಿ ಮಣ್ಣು ಮಾಡಿ ಬಂದ ಮೂರನೇ ದಿನ ಗಂಡಹೆಂಡತಿ ಇಬ್ಬರೇ ಕೂತು, ದನಿ ಒಡೆಯುತ್ತಿದ್ದರೂ ಒಂದು ಕೀರ್ತನೆ ಪೂರ್ತಿ ಹಾಡಿದ್ದನ್ನು ನಾನು ಬಾಗಿಲ ಹೊರಗೆ ನಿಂತು ಕೇಳಿದ್ದೇನೆ. ನಾನು ಕೇಳಿದ ಸಾಕ್ಷಿಗಳಲ್ಲಿ ಅದಕ್ಕಿಂತ ದೊಡ್ಡದು ಇಲ್ಲ. ಅವರಿಗೆ ಮೈಕ್ ಕೊಡಿ. ಬೇಡವೆಂದರೆ ಒತ್ತಾಯಿಸಬೇಡಿ, ಆದರೆ ಜಾಗ ಇದೆ ಎಂದು ಅವರಿಗೆ ಗೊತ್ತಿರಲಿ.

ಇದು ಸೋತವರು ತಮಗೆ ತಾವೇ ಹೇಳಿಕೊಳ್ಳುವ ಸಮಾಧಾನವಲ್ಲವೇ?

ನನ್ನ ತಮ್ಮ ಕೇಳಿದ ಪ್ರಶ್ನೆ ಇದು. ಅವನು ಈಗ ಸಭೆಗೆ ಬರುವುದಿಲ್ಲ. ಸಿಗದ ದ್ರಾಕ್ಷಿ ಹುಳಿ ಎಂದ ನರಿಯ ಕತೆ ಹೇಳಿದ.

ನರಿ ದ್ರಾಕ್ಷಿಯನ್ನು ಬೈದು ಹೊರಟಿತು. ಇಲ್ಲಿ ಯಾರೂ ದ್ರಾಕ್ಷಿಯನ್ನು ಬೈಯುತ್ತಿಲ್ಲ. ಕಣ್ಣು ದೇವರು ಕೊಟ್ಟ ಒಳ್ಳೆಯ ವರ, ಅದು ಹೋದದ್ದು ನಷ್ಟವೇ. ಪ್ರವಾದಿ ಹಬಕ್ಕೂಕ ತನ್ನ ನಷ್ಟವನ್ನು ಒಂದೊಂದಾಗಿ ಎಣಿಸುತ್ತಾನೆ: ಅಂಜೂರ ಚಿಗುರಲಿಲ್ಲ, ದ್ರಾಕ್ಷಿ ಫಲಿಸಲಿಲ್ಲ, ಎಣ್ಣೆಮರ ಕೈಕೊಟ್ಟಿತು, ಹೊಲದಲ್ಲಿ ಬೆಳೆಯಿಲ್ಲ, ಹಟ್ಟಿಯಲ್ಲಿ ಕುರಿಯಿಲ್ಲ, ಕೊಟ್ಟಿಗೆಯಲ್ಲಿ ದನವಿಲ್ಲ. ಒಂದನ್ನೂ ಹುಳಿ ಎನ್ನುವುದಿಲ್ಲ. ಆ ಪಟ್ಟಿ ಮುಗಿದ ಮೇಲೆ, ಆದರೂ ನಾನು ಯೆಹೋವನಲ್ಲಿ ಉಲ್ಲಾಸಿಸುವೆನು ಎನ್ನುತ್ತಾನೆ. ಅಡಿಕೆಗೆ ಕೊಳೆರೋಗ ಬಂದ ವರ್ಷ, ಕಾಫಿಗೆ ಅಕಾಲದ ಮಳೆ ಬಿದ್ದ ವರ್ಷ ನಮ್ಮ ಕಡೆಯ ಸಭೆಗಳಲ್ಲಿ ಈ ಭಾಗ ಓದಿದರೆ ಯಾರೂ ತಲೆ ಎತ್ತುವುದಿಲ್ಲ.

ಬಾಬೆಲಿನ ಮೂವರು ಯುವಕರ ಮಾತನ್ನೂ ತಮ್ಮನಿಗೆ ಓದಿ ಹೇಳಿದೆ. ಶದ್ರಕ್, ಮೇಶಕ್, ಅಬೇದ್‌ನೆಗೋ ಉರಿವ ಆವಿಗೆಯ ಮುಂದೆ ನಿಂತು ಅರಸನಿಗೆ, ನಮ್ಮ ದೇವರು ಬಿಡಿಸಬಲ್ಲ, ಬಿಡಿಸದಿದ್ದರೂ ನಿನ್ನ ಪ್ರತಿಮೆಗೆ ಅಡ್ಡಬೀಳುವುದಿಲ್ಲ ಎಂದರು. ಇದನ್ನು ಹೇಳಿದ್ದು ಬೆಂಕಿಗೆ ಬೀಳುವ ಮೊದಲು. ಸೋತ ಮೇಲೆ ಹುಡುಕಿಕೊಂಡ ಸಮಾಧಾನವಾಗಿದ್ದರೆ ಮೊದಲೇ ಹೇಳಲು ಬರುತ್ತಿರಲಿಲ್ಲ. ಬೆಂಕಿ ಆರಲೂ ಇಲ್ಲ. ಅರಸ ಬಗ್ಗಿ ನೋಡಿದಾಗ ಒಳಗೆ ನಾಲ್ವರು ನಡೆದಾಡುತ್ತಿದ್ದರು.

ತಮ್ಮ ಇನ್ನೂ ಒಪ್ಪಿಲ್ಲ. ಮಾತು ನಿಂತಿಲ್ಲ, ಅದೇ ನನಗೆ ದೊಡ್ಡದು.

ಪ್ರಾರ್ಥನೆಗೆ ಕೂತರೆ ನನಗೆ ಏನೂ ಅನಿಸುವುದೇ ಇಲ್ಲ. ಆತನ ಸಮ್ಮುಖ ನನಗಿಲ್ಲವೇ?

ಅನಿಸಿಕೆಯೇ ಸಮ್ಮುಖವಲ್ಲ. ಹಾಡಿನ ಹೊತ್ತಿನಲ್ಲಿ ಮೈ ಜುಮ್ಮೆಂದರೆ ಸಂತೋಷ, ಅನ್ನದಿದ್ದರೂ ಆತ ಎದ್ದು ಹೋಗಿಲ್ಲ. ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. ಹತ್ತು ವರ್ಷದ ನಂತರ ಅವರ ಖಾಸಗಿ ಪತ್ರಗಳು ಪ್ರಕಟವಾದಾಗ, ಹಲವು ದಶಕಗಳ ಕಾಲ ಅವರು ಒಳಗೆ ಕತ್ತಲನ್ನೇ ಅನುಭವಿಸಿದ್ದರೆಂದು ಲೋಕಕ್ಕೆ ತಿಳಿಯಿತು. ಆ ಕತ್ತಲಲ್ಲೇ ದಿನಾ ನಸುಕಿನಲ್ಲಿ ಎದ್ದು ಪ್ರಾರ್ಥನೆಗೆ ಕೂತು, ಕಲ್ಕತ್ತದ ಬೀದಿಗೆ ಇಳಿಯುತ್ತಿದ್ದರು. 88ನೇ ಕೀರ್ತನೆ ಕೊನೆಯ ಸಾಲಿನವರೆಗೂ ಕತ್ತಲೆಯಲ್ಲೇ ಮುಗಿಯುತ್ತದೆ, ಅದನ್ನು ಬೈಬಲಿನಿಂದ ಯಾರೂ ಕಿತ್ತು ಹಾಕಿಲ್ಲ. ಆ ಕೀರ್ತನೆ ಹಾಡಿದವನು ದೂರುತ್ತಿರುವುದೂ ದೇವರ ಹತ್ತಿರವೇ.

ಪ್ರವಾದಿ ಎಲೀಯನ ಕತೆಯನ್ನೂ ಓದಿ. ಜಾಲಿಗಿಡದ ಕೆಳಗೆ ಕೂತು ನನ್ನ ಪ್ರಾಣ ತೆಗೆದುಕೋ ಎಂದು ಪ್ರಾರ್ಥಿಸಿದ. ದೇವರು ಆ ಪ್ರಾರ್ಥನೆಗೆ ಉತ್ತರ ಕೊಡಲಿಲ್ಲ. ದೂತನ ಕೈಯಲ್ಲಿ ಬಿಸಿ ರೊಟ್ಟಿ, ಒಂದು ತಂಬಿಗೆ ನೀರು ಕಳಿಸಿ, ಮಲಗಲು ಬಿಟ್ಟು, ಮತ್ತೆ ಎಬ್ಬಿಸಿ ತಿನ್ನಿಸಿದ. ಆತನ ಮೆಲುದನಿ ಕೇಳಿಸಿದ್ದು ನಲವತ್ತು ದಿನ ನಡೆದ ಮೇಲೆ, ಗಾಳಿ, ಭೂಕಂಪ, ಬೆಂಕಿ ಎಲ್ಲ ಕಳೆದ ಮೇಲೆ. ಬಳಲಿದವರು ಮೊದಲು ಉಂಡು ನಿದ್ದೆ ಮಾಡಿ. ತಿಂಗಳುಗಟ್ಟಲೆ ಸಾಯುವ ಯೋಚನೆಯೇ ಬರುತ್ತಿದ್ದರೆ ಡಾಕ್ಟರ ಹತ್ತಿರ ಹೋಗಿ, ಅದು ಅಪನಂಬಿಕೆಯಲ್ಲ.

ದೇವರ ಮೇಲೆ ಕೋಪ ಬಂದಿದೆ. ಹೇಳಬಹುದೇ?

ಆತನಿಗೇ ಹೇಳಿ. ಎಷ್ಟರವರೆಗೆ ಮರೆತಿರುತ್ತೀ ಎಂದು ಶುರುವಾಗುವ 13ನೇ ಕೀರ್ತನೆ, ಎಷ್ಟರವರೆಗೆ ಎಂದು ನಾಲ್ಕು ಸಲ ಕೇಳುತ್ತದೆ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬ ಹಲವು ಅಧ್ಯಾಯಗಳ ಉದ್ದಕ್ಕೂ ದೇವರ ಜೊತೆ ವಾದಿಸುತ್ತಾನೆ. ತನ್ನ ಪ್ರಶ್ನೆಗೆ ಕೊನೆಗೂ ಕಾರಣ ಸಿಗಲಿಲ್ಲ. ನಿನ್ನ ವಿಷಯ ಕಿವಿಯಿಂದ ಕೇಳಿದ್ದೆ, ಈಗ ಕಣ್ಣಾರೆ ಕಂಡೆ ಎಂದು ಹೇಳಿ ಸುಮ್ಮನಾದ. ಸರಿಯಾಗಿ ಮಾತಾಡಿದವನು ಅವನೇ ಎಂದು ದೇವರು ಹೇಳಿದ, ದೇವರ ಪರ ವಕಾಲತ್ತು ವಹಿಸಿದ ಗೆಳೆಯರನ್ನು ಗದರಿಸಿದ.

ದುಃಖದಲ್ಲಿರುವವರಿಗೆ ಈ ಮಾತು ಹೇಳಬಹುದೇ?

ಬೇಡ. ಕೈಮುಗಿದು ಕೇಳಿಕೊಳ್ಳುತ್ತೇನೆ. "ದೇವರು ಜೊತೆಗಿದ್ದಾನಲ್ಲ, ಅಷ್ಟು ಸಾಕು" ಎನ್ನುವುದು ದುಃಖಪಡುತ್ತಿರುವವರ ಬಾಯಿಂದ ಬಂದರೆ ಆರಾಧನೆ, ನೋಡಲು ಬಂದವರ ಬಾಯಿಂದ ಬಂದರೆ ಕಲ್ಲು. ಯೋಬನ ಗೆಳೆಯರು ಮೊದಲ ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಮಾತಿಲ್ಲದೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಲಾಜರನ ಸಮಾಧಿಯ ಹತ್ತಿರ, ಇನ್ನು ಸ್ವಲ್ಪ ಹೊತ್ತಿನಲ್ಲಿ ಅವನನ್ನು ಎಬ್ಬಿಸುತ್ತೇನೆಂದು ಗೊತ್ತಿದ್ದ ಯೇಸು ಕೂಡ ಲಾಜರನ ಸಹೋದರಿ ಮರಿಯಳ ಜೊತೆ ಅತ್ತ.

ಅಪ್ಪನಿಗೆ ಪೂರ್ತಿ ಕತ್ತಲಾದ ವಾರ ನಮ್ಮ ಮನೆಗೆ ಬಂದವರಲ್ಲಿ ನನಗೆ ನೆನಪಿರುವವರು ತೋಟದ ಹಳೆಯ ಮೇಸ್ತ್ರಿ. ಅವರು ಕ್ರೈಸ್ತರಲ್ಲ. ಅಪ್ಪನ ಪಕ್ಕ ಜಗಲಿಯ ಮೇಲೆ ಕೂತು, ಎಲೆಅಡಿಕೆ ಮಡಿಸಿ ಅಪ್ಪನ ಕೈಗೆ ಇಟ್ಟು, ಕತ್ತಲಾಗುವವರೆಗೂ ಇದ್ದು ಎದ್ದುಹೋದರು. ದೇವರು ಅವತ್ತು ಯಾರ ಕೈಯಲ್ಲಿ ರೊಟ್ಟಿ ಕಳಿಸಿದ ಎಂದು ಕೇಳಿದರೆ ನಾನು ಅವರನ್ನೇ ತೋರಿಸುತ್ತೇನೆ.

ಕೆಲಸದ ಗಡಿಬಿಡಿಯಲ್ಲಿ ಸಮ್ಮುಖದಲ್ಲಿ ಕೂರಲು ಹೊತ್ತೆಲ್ಲಿದೆ?

ಫ್ರಾನ್ಸಿನಲ್ಲಿ 17ನೇ ಶತಮಾನದಲ್ಲಿ ಬ್ರದರ್ ಲಾರೆನ್ಸ್ ಎಂಬ ಕಾರ್ಮೆಲೈಟ್ ಸನ್ಯಾಸಿ ಇದ್ದರು. ಮೊದಲು ಸೈನಿಕ. ಪ್ಯಾರಿಸ್ಸಿನ ಮಠದಲ್ಲಿ ಅವರಿಗೆ ಸಿಕ್ಕಿದ್ದು ಅಡುಗೆಮನೆಯ ಕೆಲಸ, ಅದು ಅವರಿಗೆ ಒಗ್ಗದ ಕೆಲಸ. 1691ರಲ್ಲಿ ತೀರಿಕೊಳ್ಳುವವರೆಗೆ ಅವರು ಹೆಸರುವಾಸಿಯೂ ಅಲ್ಲ. ಪಾತ್ರೆಗಳ ಗದ್ದಲದ ನಡುವೆಯೂ, ಮಂಡಿಯೂರಿದಾಗಲೂ ದೇವರ ಜೊತೆ ಒಂದೇ ತೆರನಾಗಿ ಮಾತಾಡುತ್ತಿರುವುದನ್ನು ರೂಢಿ ಮಾಡಿಕೊಂಡಿದ್ದರಿಂದ ಜನ ಅವರನ್ನು ಇನ್ನೂ ನೆನೆಯುತ್ತಾರೆ. ಸೌಟು ಹಿಡಿದವರಿಗೂ, ಸಿಲ್ಕ್‌ಬೋರ್ಡ್ ಸಿಗ್ನಲಿನಲ್ಲಿ ಬೈಕ್ ನಿಲ್ಲಿಸಿಕೊಂಡವರಿಗೂ ಇದು ಸಾಧ್ಯ.

ಆದರೂ ದಿನಕ್ಕೆ ಹತ್ತು ನಿಮಿಷ, ಯಾವ ಬೇಡಿಕೆಯೂ ಇಲ್ಲದೆ ಸುಮ್ಮನೆ ಕೂತು ನೋಡಿ. ಮೊದಲ ವಾರ ಬರೀ ಪಟ್ಟಿಯೇ ನೆನಪಾಗುತ್ತದೆ. ನೆನಪಾದದ್ದನ್ನು ಒಂದು ಚೀಟಿಯಲ್ಲಿ ಬರೆದು ಪಕ್ಕಕ್ಕಿಡಿ, ಆಮೇಲೆ ಕೇಳಬಹುದು.

ಮಕ್ಕಳಿಗೆ ಇದನ್ನು ಹೇಗೆ ಕಲಿಸುವುದು?

ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಒಳ್ಳೆಯ ಅಂಕ ಬಂದ ಮಗುವಿನ ಜೊತೆಗಷ್ಟೇ ಸ್ತೋತ್ರ ಮಾಡಬೇಡಿ. ಕಡಿಮೆ ಬಂದ ಮಗುವಿನ ಪಕ್ಕದಲ್ಲಿ ಕೂತೂ ಸ್ತೋತ್ರ ಮಾಡಿ. ಅದು ಎಲ್ಲವನ್ನೂ ನೋಡುತ್ತಿರುತ್ತದೆ.

ಇಷ್ಟೆಲ್ಲ ಹೇಳುವ ನೀವು ಈಗಲೂ ಅಪ್ಪನ ಕಣ್ಣಿಗಾಗಿ ಪ್ರಾರ್ಥಿಸುತ್ತೀರಾ?

ಪ್ರಾರ್ಥಿಸುತ್ತೇನೆ, ದಿನವೂ. ಆತನಿಗೆ ಎಲ್ಲವೂ ಸಾಧ್ಯ ಎಂದು ಈಗಲೂ ನಂಬಿದ್ದೇನೆ. ಅಪ್ಪ ಮಾತ್ರ ಕೇಳುವುದನ್ನು ಕಡಿಮೆ ಮಾಡಿದ್ದಾರೆ. ಯಾಕೆ ಎಂದು ಒಮ್ಮೆ ಕೇಳಿದೆ. "ಮೊದ್ಲು ಕಣ್ಣು ಕೊಡು ಅಂತ ಕೇಳಕ್ಕೆ ಹೋಗ್ತಿದ್ದೆ ಕಣೋ. ಈಗ ಸುಮ್ನೆ ಹೋಗ್ತೀನಿ" ಎಂದರು.

ಬೆಳಗಿನ ಐದಕ್ಕೆ ಎದ್ದು, ಗೋಡೆ ಸವರಿಕೊಂಡು ಬಂದು, ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂರುತ್ತಾರೆ. ಮೊಬೈಲಿನಲ್ಲಿ ಬೈಬಲ್ ಕೇಳಿಸಿಕೊಳ್ಳಬಹುದು, ಹಾಕಿಕೊಟ್ಟಿದ್ದೇನೆ. ಆದರೂ ಬೆನ್ನು ಕಿತ್ತುಹೋದ ಹಳೆಯ ಬೈಬಲನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಹೆಬ್ಬೆರಳಿನಲ್ಲಿ ಹಾಳೆಗಳ ದಪ್ಪ ಅಳೆದು ಸುಮಾರಾಗಿ ಕೀರ್ತನೆಗಳ ಜಾಗಕ್ಕೆ ತೆರೆದು ನನ್ನ ಕಡೆ ನೀಡುತ್ತಾರೆ. ನಾನು ಊರಿಗೆ ಹೋದಾಗ ಓದುವ ಕೆಲಸ ನನ್ನದು. ಹೋದ ಸಲ 27ನೆಯದು ಬಂತು. ಒಂದೇ ವರವನ್ನು ಕೇಳಿಕೊಂಡಿದ್ದೇನೆ, ಜೀವಮಾನವೆಲ್ಲ ಯೆಹೋವನ ಮನೆಯಲ್ಲಿದ್ದು ಆತನ ಸೊಬಗನ್ನು ನೋಡುತ್ತಿರಬೇಕು ಎಂದು ದಾವೀದ ಹೇಳುವ ನಾಲ್ಕನೇ ವಚನಕ್ಕೆ ಬಂದಾಗ ಅಪ್ಪ ಕೈಯೆತ್ತಿ ತಡೆದರು.

"ಇನ್ನೊಂದ್ಸಲ ಓದು" ಎಂದರು.